ಮೊದಲು ದೊಡ್ಡಿ, ಆಮೇಲೆ ಬೇಲಿ

ವಿದ್ಯುತ್ ಕಂಬಗಳು ಇನ್ನೂ ತಲುಪದ, ಒಂದು ಮಗ್ಗುಲಿಗೆ ಹೊಲತೋಟವನ್ನೂ ಇನ್ನೊಂದು ಮಗ್ಗುಲಿಗೆ ಕಾಡನ್ನೂ ಇಟ್ಟುಕೊಂಡು ನಿಂತಿರುವ ಒಂಟಿಮನೆಗಳು ಕರ್ನಾಟಕದಲ್ಲಿ ಇಂದಿಗೂ ಇವೆ. ಮಲೆಮಹದೇಶ್ವರ ಬೆಟ್ಟದ ಕಾಡೂರುಗಳಲ್ಲಿ, ಶರಾವತಿ ಹಿನ್ನೀರಿನ ಆಚೆ ದಡದಲ್ಲಿ, ಪಶ್ಚಿಮ ಘಟ್ಟದ ಕಣಿವೆಗಳಲ್ಲಿ ಅನೇಕ ಕುಟುಂಬಗಳು ಬಹುಕಾಲ ಇಂಥ ಬದುಕನ್ನೇ ನಡೆಸಿಕೊಂಡು ಬಂದಿವೆ. ಈಚೆಗೆ ನಗರದ ಉದ್ಯೋಗ ಬಿಟ್ಟು ಒಂದೆರಡು ಎಕರೆ ಕೊಂಡು, ಸೌರಫಲಕವನ್ನೂ ಮಳೆನೀರಿನ ತೊಟ್ಟಿಯನ್ನೂ ನೆಚ್ಚಿ ನೆಲೆಯೂರುವವರೂ ಅವರ ಜೊತೆ ಸೇರಿದ್ದಾರೆ. ಹಾಲಿಗೆ ಒಂದೆರಡು ಹಸು, ಕೈಖರ್ಚಿಗೆ ಹತ್ತು ಆಡು, ಮೊಟ್ಟೆಗೆ ಇಪ್ಪತ್ತು ನಾಟಿಕೋಳಿ ಎಂಬ ಲೆಕ್ಕದಲ್ಲಿ ಶುರುವಾಗುವ ಈ ಸಂಸಾರಕ್ಕೆ ಮೊದಲ ದೊಡ್ಡ ಖರ್ಚು ಬಹುಮಟ್ಟಿಗೆ ಬೇಲಿಯದೇ ಆಗಿರುತ್ತದೆ, ಮತ್ತು ಆ ಖರ್ಚು ಬಹಳ ಸಲ ತಪ್ಪು ಜಾಗದಲ್ಲಿ ಆಗುತ್ತದೆ.

ಬೇಲಿಯಿಂದ ಜನ ಎರಡು ಬೇರೆ ಬೇರೆ ಕೆಲಸಗಳನ್ನು ಒಟ್ಟಿಗೆ ನಿರೀಕ್ಷಿಸುತ್ತಾರೆ. ಹಗಲಿನಲ್ಲಿ ಮನೆಯ ದನಕರು ಪಕ್ಕದವರ ರಾಗಿಹೊಲಕ್ಕೆ ನುಗ್ಗದಂತೆ, ಬೀಡಾಡಿ ದನಗಳು ಒಳಗೆ ಬಾರದಂತೆ ತಡೆಯುವುದು ಮೊದಲನೆಯ ಕೆಲಸ; ರಾತ್ರಿಯಲ್ಲಿ ಚಿರತೆ, ನಾಯಿಹಿಂಡು, ತೋಳ, ಕಾಡುಬೆಕ್ಕುಗಳಿಂದ ಸಾಕುಪ್ರಾಣಿಗಳ ಜೀವ ಉಳಿಸುವುದು ಎರಡನೆಯದು. ಮೊದಲನೆಯದಕ್ಕೆ ಬೇಕಾದದ್ದು ಉದ್ದ, ಎರಡನೆಯದಕ್ಕೆ ಬೇಕಾದದ್ದು ಬಲ. ಜಮೀನಿನ ಸುತ್ತ ಎಳೆದ ಒಂದೇ ಬೇಲಿಯಿಂದ ಎರಡನ್ನೂ ಸಾಧಿಸಲು ಹೊರಟವರ ಕೈಯಲ್ಲಿ ಸಾಮಾನ್ಯವಾಗಿ ಉಳಿಯುವುದು ಉದ್ದವಾದ, ಆದರೆ ಎಲ್ಲಿಯೂ ಸಾಕಷ್ಟು ಗಟ್ಟಿಯಾಗಿರದ ಬೇಲಿ. ಆದ್ದರಿಂದ ಮನೆಗೆ ಹತ್ತಿರದಲ್ಲಿ, ಸೂರು ಹೊದಿಸಿದ, ಪುಟ್ಟದಾದ ರಾತ್ರಿಯ ದೊಡ್ಡಿಯನ್ನು ಮೊದಲು ಕಟ್ಟಿ ಮುಗಿಸಿ, ಹಣ ಮತ್ತು ಶ್ರಮ ಕೂಡಿಬಂದಂತೆ ಹೊರಗಿನ ಬೇಲಿಯನ್ನು ಹಂತಹಂತವಾಗಿ ಎಳೆಯುತ್ತ ಹೋಗುವುದೇ ಸರಿಯಾದ ಕ್ರಮ.

ಈ ಮಾತಿನ ಹಿಂದೆ ಸರಳವಾದ ರೇಖಾಗಣಿತವಿದೆ. ಒಂದು ಎಕರೆ ಎಂದರೆ ಸುಮಾರು 4,047 ಚದರ ಮೀಟರ್; ಅದು ಸರಿಯಾದ ಚೌಕವಾಗಿದ್ದರೆ ಸುತ್ತಳತೆ ಸುಮಾರು 255 ಮೀಟರ್ ಆಗುತ್ತದೆ, ಆದರೆ ಅದೇ ಒಂದು ಎಕರೆ 20 ಮೀಟರ್ ಅಗಲದ ಉದ್ದಪಟ್ಟಿಯಾಗಿದ್ದರೆ ಸುತ್ತಳತೆ 440 ಮೀಟರನ್ನೂ ದಾಟುತ್ತದೆ. ಹತ್ತು ಆಡುಗಳು ರಾತ್ರಿ ಕಳೆಯಲು ತಲೆಗೆ 10ರಿಂದ 12 ಚದರ ಅಡಿಯಂತೆ ಲೆಕ್ಕ ಹಾಕಿ ಸ್ವಲ್ಪ ಧಾರಾಳವಾಗಿ ಜಾಗ ಬಿಟ್ಟರೂ ನಾಲ್ಕು ಮೀಟರ್ ಚೌಕದ ದೊಡ್ಡಿ ಸಾಕಾಗುತ್ತದೆ, ಅದರ ಸುತ್ತಳತೆ ಬರಿಯ 16 ಮೀಟರ್. ಎಕರೆಯ ಸುತ್ತ ಹರಡಿಹೋಗುವ ಹಣದ ಹತ್ತರಲ್ಲೊಂದು ಭಾಗವನ್ನು ಈ 16 ಮೀಟರಿನಲ್ಲಿ ಹಾಕಿದರೂ ದಪ್ಪ ತಂತಿಯ ಜಾಲರಿ, ಕಲ್ಲಿನ ತಳಪಾಯ, ಗಟ್ಟಿ ಬಾಗಿಲು, ಸೂರು ಎಲ್ಲವೂ ಕೈಗೆಟಕುತ್ತವೆ.

ರಾತ್ರಿಯ ಭಯಗಳಲ್ಲಿ ರಾಜ್ಯದ ಬಹುಭಾಗದಲ್ಲಿ ಮುಖ್ಯವಾದದ್ದು ಚಿರತೆಯದು. 2022ರ ರಾಷ್ಟ್ರೀಯ ಅಂದಾಜಿನಲ್ಲಿ ಕರ್ನಾಟಕದ ಚಿರತೆಗಳ ಸಂಖ್ಯೆ 1,879 ಎಂದು ಲೆಕ್ಕ ಸಿಕ್ಕಿದ್ದು, ಮಧ್ಯಪ್ರದೇಶ ಮತ್ತು ಮಹಾರಾಷ್ಟ್ರಗಳ ನಂತರ ಇದೇ ದೇಶದಲ್ಲಿ ಹೆಚ್ಚಿನದು. ಚಿರತೆ ದಟ್ಟಕಾಡಿನಲ್ಲಿ ಮಾತ್ರ ಇರುವ ಪ್ರಾಣಿಯಲ್ಲ. ಕಬ್ಬಿನ ಗದ್ದೆ, ಕುರುಚಲು ಗುಡ್ಡ, ಕಲ್ಲುಬಂಡೆಗಳ ಸಂದಿ, ಪಾಳುಬಿದ್ದ ತೋಟ ಯಾವುದರಲ್ಲಿಯೂ ಹಗಲು ಕಳೆದು, ಕತ್ತಲಾದ ಮೇಲೆ ಹಟ್ಟಿಯ ಕಡೆ ಬರಬಲ್ಲದು. ಅದು ಮರ ಹತ್ತುತ್ತದೆ, ಆಳೆತ್ತರದ ಗೋಡೆಯನ್ನು ನೆಗೆಯುತ್ತದೆ, ಬಾಯಲ್ಲಿ ಆಡನ್ನು ಕಚ್ಚಿಕೊಂಡೇ ಮತ್ತೆ ಗೋಡೆ ದಾಟಿ ಹೊರಬೀಳುತ್ತದೆ. ಐದಾರು ಅಡಿಯ ಬೇಲಿಗೆ ಇನ್ನೊಂದು ಅಡಿ ಸೇರಿಸಿದರೆ ಚಿರತೆ ನಿಲ್ಲುತ್ತದೆಂಬ ಎಣಿಕೆ ಈ ಕಾರಣದಿಂದ ಸುಳ್ಳಾಗುತ್ತದೆ. ನಿಜವಾದ ತಡೆ ಇರುವುದು ಸೂರಿನಲ್ಲಿ.

ಸೂರಿನ ಮಹತ್ವವನ್ನು ಚೆನ್ನಾಗಿ ಕಂಡುಕೊಂಡದ್ದು ಕರ್ನಾಟಕದಿಂದ ಬಹಳ ದೂರದ ಲಡಾಖ್ ಮತ್ತು ಸ್ಪಿತಿಯ ಪಶುಪಾಲಕರ ನಡುವೆ ನಡೆದ ಕೆಲಸದಲ್ಲಿ. ಅಲ್ಲಿನ ಕುರಿ-ಮೇಕೆಗಳ ಹಳೆಯ ಕಲ್ಲುದೊಡ್ಡಿಗಳಿಗೆ ಗೋಡೆಗಳಿದ್ದವು, ಮೇಲೆ ಮಾತ್ರ ಆಕಾಶವಿತ್ತು. ಹಿಮಚಿರತೆ ಒಳಗೆ ಇಳಿದರೆ ಹಸಿವಿಗೆ ಬೇಕಾದ ಒಂದನ್ನು ಕೊಂದು ಹೋಗದೆ, ಓಡಲು ದಾರಿಯಿಲ್ಲದೆ ಸುತ್ತುವ ಮಂದೆಯಲ್ಲಿ ಕಣ್ಣಿಗೆ ಬಿದ್ದದ್ದನ್ನೆಲ್ಲ ಕಚ್ಚಿಹಾಕುತ್ತಿತ್ತು. ಮುಚ್ಚಿದ ಜಾಗದಲ್ಲಿ ಸಿಕ್ಕಿಬಿದ್ದ ಬೇಟೆಯ ಗಾಬರಿಯ ಚಲನೆಯೇ ಬೇಟೆಗಾರ ಪ್ರಾಣಿಯ ಕೊಲ್ಲುವ ಪ್ರವೃತ್ತಿಯನ್ನು ಮತ್ತೆ ಮತ್ತೆ ಕೆರಳಿಸುವುದರಿಂದ ಹೀಗಾಗುತ್ತದೆ, ಇದನ್ನು ವನ್ಯಜೀವಿ ಶಾಸ್ತ್ರದಲ್ಲಿ ಅಗತ್ಯ ಮೀರಿದ ಕೊಲೆ ಎಂದು ಗುರುತಿಸುತ್ತಾರೆ. ಒಂದೇ ರಾತ್ರಿಯಲ್ಲಿ ಮಂದೆ ಕಳೆದುಕೊಂಡ ಕುಟುಂಬದವರು ಹಿಮಚಿರತೆಯನ್ನು ಕೊಲ್ಲಲು ಹೊರಡುತ್ತಿದ್ದರು. ಸಂರಕ್ಷಣಾ ಸಂಸ್ಥೆಗಳು ಗ್ರಾಮಸ್ಥರ ಜೊತೆ ಸೇರಿ ಆ ದೊಡ್ಡಿಗಳ ಮೇಲೆ ಮರದ ತೊಲೆ ಹಾಯಿಸಿ ತಂತಿಜಾಲರಿ ಹೊದಿಸಿ, ಕಿಟಕಿಗಳಿಗೂ ಜಾಲರಿ ಬಡಿದು, ಚೌಕಟ್ಟಿಗೆ ಬಿಗಿಯಾಗಿ ಕೂರುವ ಬಾಗಿಲು ಕೊಟ್ಟರು. ಪ್ರಾಣಿಯನ್ನು ಓಡಿಸುವ ಯಾವ ಉಪಾಯಕ್ಕೂ ಕೈಹಾಕದೆ, ಕಟ್ಟಡದ ದೋಷವನ್ನಷ್ಟೇ ತಿದ್ದಿದ ಈ ಕೆಲಸ ಮಂದೆಯ ಜೊತೆಗೆ ಹಿಮಚಿರತೆಯ ಜೀವವನ್ನೂ ಉಳಿಸುವ ಬಗೆಯದು. ಮಲೆನಾಡಿನ ಆಡಿನ ಕೊಟ್ಟಿಗೆಗೂ ಬಯಲುಸೀಮೆಯ ಕುರಿರೊಪ್ಪಕ್ಕೂ ಇದು ಹಾಗೆಯೇ ಅನ್ವಯಿಸುತ್ತದೆ.

ದೊಡ್ಡಿಯ ಗೋಡೆಯ ಕೆಳಗಿನ ಮೂರಡಿಯನ್ನು ಕಲ್ಲು, ಇಟ್ಟಿಗೆ ಅಥವಾ ಮಣ್ಣಿನಿಂದ ಪೂರ್ತಿಯಾಗಿ ಮುಚ್ಚಿ ಕಟ್ಟುವುದು ಒಳ್ಳೆಯದು, ಏಕೆಂದರೆ ಸಂದುಗಳಿರುವ ಗಳುಗಳ ಗೋಡೆಯ ನಡುವೆ ಚಿರತೆ ಪಂಜ ತೂರಿಸಿ, ಒರಗಿ ಮಲಗಿದ ಆಡನ್ನು ಎಳೆದು ಗಾಯಗೊಳಿಸಬಲ್ಲದು. ಅದರ ಮೇಲಿನ ಭಾಗಕ್ಕೆ ಗಾಳಿಯಾಡುವಂತೆ ಎರಡಂಗುಲಕ್ಕಿಂತ ದೊಡ್ಡದಲ್ಲದ ಕಣ್ಣಿನ ಬೆಸುಗೆ ಜಾಲರಿ, ಅಂದರೆ ತಂತಿಗಳು ಕೂಡುವ ಕಡೆಯಲ್ಲೆಲ್ಲ ಬೆಸೆದಿರುವ ಜಾಲರಿ ಬೇಕು. ಹೆಣೆದ ತೆಳು ಜಾಲರಿಯಲ್ಲಿ ಒಂದು ಎಳೆ ಕಡಿದರೆ ಸಾಲೇ ಬಿಚ್ಚಿಕೊಳ್ಳುತ್ತದೆ, ಬೆಸುಗೆ ಜಾಲರಿಯಲ್ಲಿ ಹಾಗಾಗುವುದಿಲ್ಲ. ಜಾಲರಿಯನ್ನು ಕಂಬಗಳ ಹೊರಮೈಗೆ ಬಡಿಯಬೇಕೆಂಬುದು ಸಣ್ಣ ಮಾತಿನಂತೆ ಕಂಡರೂ ಮುಖ್ಯವಾದದ್ದು: ಹೊರಗಿನಿಂದ ಪ್ರಾಣಿ ತಳ್ಳಿದಾಗ ಜಾಲರಿ ಕಂಬಕ್ಕೆ ಒತ್ತಿಕೊಂಡು ನಿಲ್ಲುತ್ತದೆ, ಒಳಮೈಗೆ ಬಡಿದಿದ್ದರೆ ಅದೇ ಒತ್ತಡಕ್ಕೆ ಮೊಳೆಗಳು ಕಿತ್ತುಬರುತ್ತವೆ.

ಗೋಡೆಯ ಬುಡ ಕೆರೆದು ಒಳನುಗ್ಗುವ ನಾಯಿ, ನರಿ, ಮುಂಗುಸಿಗಳಿಗೆ ಬೇರೆಯದೇ ತಡೆ ಬೇಕು. ಆಳವಾಗಿ ಕಂದಕ ತೋಡಿ ಜಾಲರಿ ಹೂಳುವ ಕಷ್ಟದ ಬದಲು, ಬುಡದಿಂದ ಹೊರಕ್ಕೆ ಎರಡು ಅಡಿ ಅಗಲಕ್ಕೆ ಜಾಲರಿಯನ್ನು ನೆಲದ ಮೇಲೆ ಮಡಿಚಿ ಹಾಸಿ, ಗೋಡೆಗೆ ಬಿಗಿದು, ಮೇಲೆ ನಾಲ್ಕಂಗುಲ ಮಣ್ಣು ಮತ್ತು ಕಲ್ಲು ಹೇರುವುದು ಸುಲಭವೂ ಪರಿಣಾಮಕಾರಿಯೂ ಆದ ದಾರಿ. ಕೆರೆಯುವ ಪ್ರಾಣಿ ಗೋಡೆಗೆ ತಾಗಿಕೊಂಡೇ ತೋಡಲು ತೊಡಗುತ್ತದೆ. ಕಾಲಿನ ಕೆಳಗೇ ಜಾಲರಿ ಸಿಕ್ಕಿದಾಗ, ಎರಡು ಅಡಿ ಹಿಂದೆ ಸರಿದು ಅಲ್ಲಿಂದ ಸುರಂಗ ಕೊರೆಯಬೇಕೆಂಬ ಯೋಚನೆ ಅದಕ್ಕೆ ಬಾರದು.

ಕೋಳಿಗೂಡಿನ ವಿಷಯದಲ್ಲಿ ಆಗುವ ನಷ್ಟಕ್ಕೆ ಬಹುಪಾಲು ಕಾರಣ ಅಂಗಡಿಯಲ್ಲಿ ಕೋಳಿಜಾಲರಿ ಎಂದೇ ಮಾರುವ ಆರು ಮೂಲೆಯ ಕಣ್ಣಿನ ತೆಳು ತಂತಿಯ ಬಲೆ. ಅದು ಕೋಳಿಯನ್ನು ಒಳಗೆ ಇಡಲು ಸಾಕು, ಶತ್ರುವನ್ನು ಹೊರಗೆ ಇಡಲು ಸಾಲದು. ನಾಯಿ ಅದನ್ನು ಹಲ್ಲಿನಿಂದ ಹರಿಯುತ್ತದೆ, ಹಾವು ಮತ್ತು ಮುಂಗುಸಿಯ ಮರಿ ಅದರ ಕಣ್ಣಿನಲ್ಲೇ ತೂರುತ್ತವೆ. ಗೂಡಿಗೆ ಅರ್ಧ ಅಂಗುಲ ಕಣ್ಣಿನ ಬೆಸುಗೆ ಜಾಲರಿಯೇ ಆಗಬೇಕು, ನೆಲದಿಂದ ಎರಡು ಮೂರು ಅಡಿ ಎತ್ತರದಲ್ಲಿ ಗೂಡು ನಿಂತಿರಬೇಕು, ಮತ್ತು ಕೂರುವ ಅಡ್ಡಗಳು ಜಾಲರಿಯ ಗೋಡೆಯಿಂದ ಒಂದು ಮೊಳವಾದರೂ ಒಳಗಿರಬೇಕು, ಇಲ್ಲವಾದರೆ ರಾತ್ರಿ ಕಾಡುಬೆಕ್ಕು ಪಂಜದಿಂದ ರೆಕ್ಕೆ ಎಳೆದು ಗಾಯಮಾಡುತ್ತದೆ.

ಎಷ್ಟೇ ಗಟ್ಟಿಯಾದ ದೊಡ್ಡಿಯಲ್ಲಿಯೂ ದುರ್ಬಲವಾದ ಜಾಗವೆಂದರೆ ಬಾಗಿಲು. ಬಾಗಿಲಿಗೂ ನೆಲಕ್ಕೂ ನಡುವಿನ ಸಂದು ಮಳೆಗಾಲದಲ್ಲಿ ಮಣ್ಣು ಕೊಚ್ಚಿಹೋಗಿ ದೊಡ್ಡದಾಗುವುದರಿಂದ ಕಲ್ಲಿನ ಹೊಸ್ತಿಲು ಕೂರಿಸುವುದು ಅಗತ್ಯ. ಬಾಗಿಲು ಹೊರಕ್ಕೆ ತೆರೆದು, ಮುಚ್ಚಿದಾಗ ಚೌಕಟ್ಟಿನ ಅಂಚಿಗೆ ಆನಿಕೊಳ್ಳುವಂತಿದ್ದರೆ ಹೊರಗಿನಿಂದ ತಳ್ಳುವ ಬಲವೆಲ್ಲ ಅಗುಳಿಯ ಬದಲು ಚೌಕಟ್ಟಿನ ಮೇಲೆ ಬೀಳುತ್ತದೆ. ಮೇಲೊಂದು ಕೆಳಗೊಂದು ಅಗುಳಿ ಇದ್ದರೆ ಮೂಲೆಯನ್ನು ಬಗ್ಗಿಸಿ ತಲೆ ತೂರಿಸಲು ಆಗುವುದಿಲ್ಲ. ಜಾಲರಿಯ ಗೋಡೆಯ ಮೇಲ್ಭಾಗವನ್ನು ಚಳಿಗಾಗಿ ತಗಡಿನಿಂದ ಪೂರ್ತಿ ಮುಚ್ಚುವ ರೂಢಿ ಮಾತ್ರ ಒಳ್ಳೆಯದಲ್ಲ. ಗಂಜಲದಿಂದ ಏಳುವ ಅಮೋನಿಯಾ ಅನಿಲ ಹೊರಹೋಗಲು ದಾರಿಯಿಲ್ಲದಿದ್ದರೆ ಆಡುಗಳ ಶ್ವಾಸಕೋಶ ಕೆಡುತ್ತದೆ, ಮತ್ತು ಚಿರತೆಯಿಂದ ಉಳಿದ ಮರಿ ನ್ಯುಮೋನಿಯಾಕ್ಕೆ ಬಲಿಯಾಗುತ್ತದೆ.

ದೊಡ್ಡಿ ಮುಗಿದ ಮೇಲೆ ಹಗಲಿನ ಬೇಲಿಯ ಮಾತು. ಕಂಬಗಳ ವಿಷಯದಲ್ಲಿ ದಕ್ಷಿಣ ಕರ್ನಾಟಕದ ರೈತರಿಗೆ ಒಂದು ಭಾಗ್ಯವಿದೆ: ಗ್ರಾನೈಟ್ ಬಂಡೆಯಿಂದ ಸೀಳಿ ತೆಗೆದ ಕಲ್ಲುಕಂಬ. ಅದು ಕೊಳೆಯದು, ಗೆದ್ದಲು ಹಿಡಿಯದು, ಕಾಳ್ಗಿಚ್ಚಿಗೆ ಸುಟ್ಟುಹೋಗದು, ಒಮ್ಮೆ ನೆಟ್ಟರೆ ತಲೆಮಾರು ನಿಲ್ಲುತ್ತದೆ. ಸಾಗಣೆಯ ಖರ್ಚು ಮತ್ತು ಅದರ ಭಾರ ಮಾತ್ರ ದಾರಿಯಿಲ್ಲದ ಗುಡ್ಡದ ಮನೆಗಳಿಗೆ ತೊಡಕಾಗುತ್ತವೆ. ಅಂಥ ಕಡೆ ನೀಲಗಿರಿ, ಅಕೇಶಿಯಾದಂಥ ಮರದ ಗೂಟಗಳನ್ನು ಬಳಸುವುದಾದರೆ, ಕಂಬ ಮೊದಲು ಕೊಳೆಯುವುದು ಮಣ್ಣೂ ಗಾಳಿಯೂ ಕೂಡುವ ನೆಲಮಟ್ಟದಲ್ಲೆಂಬುದನ್ನು ನೆನಪಿಟ್ಟು ಆ ಭಾಗವನ್ನು ವಿಶೇಷವಾಗಿ ಕಾಪಾಡಬೇಕಾಗುತ್ತದೆ. ಬೇಲಿಯ ಆಯುಷ್ಯವನ್ನು ನಿರ್ಧರಿಸುವುದು ಮೂಲೆಯ ಕಂಬಗಳು. ಬಿಗಿಯಾಗಿ ಎಳೆದ ಒಂದೊಂದು ತಂತಿಯೂ ನೂರು ಕಿಲೋಗ್ರಾಂ ತೂಕಕ್ಕೆ ಸಮನಾದ ಬಲದಿಂದ ಎಳೆಯುತ್ತಿರುವುದರಿಂದ, ಐದು ಸಾಲಿನ ಬೇಲಿಯ ಮೂಲೆಗಂಬ ಹಗಲೂ ರಾತ್ರಿಯೂ ಅರ್ಧ ಟನ್ ಎಳೆತವನ್ನು ಎರಡು ದಿಕ್ಕುಗಳಿಂದ ಹೊತ್ತು ನಿಲ್ಲಬೇಕು. ಅದರ ಉದ್ದದ ಮೂರರಲ್ಲೊಂದು ಭಾಗ ನೆಲದೊಳಗೆ ಹೋಗಬೇಕು, ಪ್ರತಿ ಸಾಲಿನ ದಿಕ್ಕಿಗೂ ಓರೆಯಾದ ಆಸರೆಗಲ್ಲು ಬೇಕು.

ಜೀವಂತ ಬೇಲಿಯನ್ನು ಹಳೆಯ ಪದ್ಧತಿಯೆಂದು ತಳ್ಳಿಹಾಕುವುದು ಸರಿಯಲ್ಲ. ಕಳ್ಳಿ, ಕತ್ತಾಳೆ, ಲಕ್ಕಿ, ಕಾಡುಹರಳುಗಳ ಸಾಲನ್ನು ಮುಂಗಾರಿನ ಆರಂಭದಲ್ಲಿ ನೆಟ್ಟರೆ ಎರಡು ಮೂರು ವರ್ಷಗಳಲ್ಲಿ ದಟ್ಟವಾಗುತ್ತದೆ, ಮಣ್ಣನ್ನೂ ಹಿಡಿಯುತ್ತದೆ. ಆಡು ಮುಟ್ಟದ ಸೊಪ್ಪಿಲ್ಲ ಎನ್ನುವ ಮಾತಿಗೆ ಅಪವಾದವಾಗಿ ನಿಲ್ಲುವ ಆಡುಸೋಗೆಯೂ ಈ ಸಾಲಿಗೆ ಸೇರುತ್ತದೆ. ಗೊಬ್ಬರದ ಗಿಡವೆಂದು ಕರೆಯುವ ಗ್ಲಿರಿಸಿಡಿಯಾ ಮತ್ತು ಹಾಲವಾಣದ ಗೂಟಗಳು ಬೇರುಬಿಟ್ಟು ಕೊಳೆಯದ ಕಂಬಗಳಾಗುತ್ತವೆ, ಅವುಗಳ ಮೇಲೆ ತಂತಿ ಎಳೆಯಬಹುದು. ಕಡಿದ ಮುಳ್ಳನ್ನು ಒಟ್ಟಿ ಮಾಡುವ ಒಣ ಬೇಲಿ ಮಾತ್ರ ಬೇಸಿಗೆಯಲ್ಲಿ ಬೆಂಕಿಗೆ ಕಾದಿರುವ ಸೌದೆಯೇ ಆಗಿರುವುದರಿಂದ ಮನೆಯ ಹತ್ತಿರ ಅದು ಯೋಗ್ಯವಲ್ಲ.

ವಿದ್ಯುತ್ ಜಾಲಕ್ಕೆ ಸೇರದ ಮನೆಯ ಬೇಲಿಯನ್ನು ಕುರಿತ ಯಾವ ಚರ್ಚೆಯೂ ಸೌರಬೇಲಿಯನ್ನು ಬಿಟ್ಟು ಮುಂದುವರಿಯುವಂತಿಲ್ಲ. ಮಲೆನಾಡಿನ ಹಲವು ಕಡೆ ಜನ ಇದನ್ನು ಐಬೆಕ್ಸ್ ಬೇಲಿ ಎಂದೇ ಕರೆಯುತ್ತಾರೆ. ಪ್ರಾಣಿಗಳನ್ನು ತಡೆಯುವ ತಂತಿಯ ಚರಿತ್ರೆಯಲ್ಲಿ ಎರಡು ದೊಡ್ಡ ತಿರುವುಗಳಿವೆ. ಅಮೆರಿಕದ ಇಲಿನಾಯ್ ಪ್ರಾಂತದ ರೈತ ಜೋಸೆಫ್ ಗ್ಲಿಡನ್ 1874ರಲ್ಲಿ ಮುಳ್ಳುತಂತಿಗೆ ಪೇಟೆಂಟ್ ಪಡೆದದ್ದು ಮೊದಲನೆಯದು. ನೋವಿನಿಂದ ಹೆದರಿಸುವ ಆ ತಂತಿ ಚರ್ಮವನ್ನು ಹರಿದೇ ಪಾಠ ಕಲಿಸುತ್ತದೆ. ಎರಡನೆಯ ತಿರುವು ನ್ಯೂಜಿಲೆಂಡಿನದು. ಅಲ್ಲಿ 1930ರ ದಶಕದಲ್ಲಿ ಬಿಲ್ ಗ್ಯಾಲಗರ್ ವಿದ್ಯುತ್ ಬೇಲಿಯನ್ನು ಬೆಳೆಸಿದರು, 1962ರಲ್ಲಿ ಡಗ್ ಫಿಲಿಪ್ಸ್ ಕೆಪಾಸಿಟರ್ ಆಧಾರದ ಹೊಸ ವಿಧಾನವನ್ನು ಕಂಡುಹಿಡಿದರು. ವಿದ್ಯುತ್ತನ್ನು ಒಂದಿಷ್ಟು ಹೊತ್ತು ಕೂಡಿಟ್ಟು ಒಮ್ಮೆಲೇ ಬಿಟ್ಟುಕೊಡುವ ಸಾಧನವೇ ಕೆಪಾಸಿಟರ್. ಹುಲ್ಲು ತಾಗಿದರೆ ಸತ್ತುಹೋಗುತ್ತಿದ್ದ, ಕೆಲವು ನೂರು ಮೀಟರ್ ಮಾತ್ರ ಕೆಲಸ ಮಾಡುತ್ತಿದ್ದ ಬೇಲಿ ಇದರಿಂದಾಗಿ ಹಲವು ಕಿಲೋಮೀಟರ್ ಉದ್ದಕ್ಕೆ ಹರಡಲು ಸಾಧ್ಯವಾಯಿತು.

ಇಂದಿನ ಸೌರಬೇಲಿಯ ಹೃದಯವಾದ ಎನರ್ಜೈಸರ್ ಎಂಬ ಪೆಟ್ಟಿಗೆ 12 ವೋಲ್ಟ್ ಬ್ಯಾಟರಿಯಿಂದ ವಿದ್ಯುತ್ ಪಡೆದು, ಅದನ್ನು 5,000ದಿಂದ 10,000 ವೋಲ್ಟ್‌ಗಳಿಗೆ ಏರಿಸಿ, ಸೆಕೆಂಡಿಗೆ ಒಂದಕ್ಕಿಂತ ಹೆಚ್ಚಿಲ್ಲದಂತೆ ಮಿಡಿತಗಳಾಗಿ ತಂತಿಗೆ ಕಳಿಸುತ್ತದೆ. ಒಂದೊಂದು ಮಿಡಿತವೂ ಸೆಕೆಂಡಿನ ನೂರರಲ್ಲೊಂದು ಭಾಗಕ್ಕಿಂತ ಕಡಿಮೆ ಹೊತ್ತು ಇರುತ್ತದೆ. ಒಂದು ಮಿಡಿತದಲ್ಲಿ ಹರಿಯುವ ಶಕ್ತಿ ನಿಗದಿತ ಪರೀಕ್ಷೆಯಲ್ಲಿ 5 ಜೂಲ್ ಮೀರಬಾರದೆಂದು ಅಂತರರಾಷ್ಟ್ರೀಯ ಮಾನದಂಡ ಹೇಳುತ್ತದೆ, ಎಕರೆಯಷ್ಟು ಜಾಗಕ್ಕೆ ಒಂದು ಜೂಲ್ ಕೂಡ ಸಾಕು. ವೋಲ್ಟ್‌ನ ಸಂಖ್ಯೆ ದೊಡ್ಡದಾದರೂ ಈ ಬೇಲಿ ಕೊಲ್ಲದಿರುವುದಕ್ಕೆ ಕಾರಣ ಮಿಡಿತದ ಅಲ್ಪಾವಧಿಯಲ್ಲೂ ಮಿಡಿತಗಳ ನಡುವಿನ ಬಿಡುವಿನಲ್ಲೂ ಇದೆ: ಪೆಟ್ಟು ತಿಂದ ಸ್ನಾಯು ಸಡಿಲಗೊಂಡು, ಮನುಷ್ಯನಿಗಾಗಲಿ ಪ್ರಾಣಿಗಾಗಲಿ ಕೈಕಾಲು ಹಿಂತೆಗೆಯಲು ಸಮಯ ಸಿಗುತ್ತದೆ. ಮನೆಗೆ ಬರುವ 230 ವೋಲ್ಟ್‌ನ ಹರಿವಿನಲ್ಲಿ ಈ ಬಿಡುವು ಇಲ್ಲ. ಸ್ನಾಯುಗಳು ಬಿಗಿದು ಹಿಡಿದ ಕೈ ಬಿಡಲಾಗದೆ, ಹೃದಯದ ಬಡಿತ ತಪ್ಪಿ ಸಾವು ಬರುತ್ತದೆ. ವಿದ್ಯುತ್ ಕಂಬದಿಂದ ನೇರವಾಗಿ ಬೇಲಿತಂತಿಗೆ ಕೊಕ್ಕೆ ಹಾಕುವುದು ಅಪರಾಧ, ಮತ್ತು ಅದಕ್ಕೆ ಬಲಿಯಾದ ಆನೆಗಳ, ರೈತರ, ಮಕ್ಕಳ ಸಾವುಗಳು ಪೂರ್ತಿಯಾಗಿ ತಪ್ಪಿಸಬಹುದಾಗಿದ್ದ ಸಾವುಗಳು. ಕಾರಿನ ಇನ್‌ವರ್ಟರನ್ನೋ ಮನೆಯ ಸೌರ ಇನ್‌ವರ್ಟರನ್ನೋ ಬೇಲಿಗೆ ಜೋಡಿಸುವುದೂ ಅಷ್ಟೇ ಅಪಾಯದ ಕೆಲಸ. ಬೇಲಿಗೆಂದೇ ತಯಾರಾದ, ಮಾನದಂಡಕ್ಕೆ ಒಪ್ಪುವ ಪೆಟ್ಟಿಗೆಯ ಹೊರತು ಬೇರೇನನ್ನೂ ತಂತಿಗೆ ತಾಗಿಸಬಾರದು, ಮುಳ್ಳುತಂತಿಗಂತೂ ವಿದ್ಯುತ್ ಹಾಯಿಸಲೇಬಾರದು, ಏಕೆಂದರೆ ಮುಳ್ಳಿಗೆ ಸಿಕ್ಕಿಕೊಂಡ ಜೀವಕ್ಕೆ ಹಿಂದೆ ಸರಿಯುವ ದಾರಿಯಿರುವುದಿಲ್ಲ.

ಬ್ಯಾಟರಿ ಮತ್ತು ಸೌರಫಲಕದ ಗಾತ್ರವನ್ನು ಅಂಗಡಿಯವರ ಮಾತಿಗೆ ಬಿಡದೆ ಲೆಕ್ಕ ಹಾಕಿಕೊಳ್ಳಬಹುದು. ಪೆಟ್ಟಿಗೆ ಸರಾಸರಿ 0.2 ಆಂಪಿಯರ್ ಎಳೆಯುತ್ತದೆಂದು ಇಟ್ಟುಕೊಂಡರೆ, ದಿನದ 24 ಗಂಟೆಗೆ 4.8 ಆಂಪಿಯರ್-ಗಂಟೆ ಬೇಕು. ನಾಲ್ಕು ದಿನ ಬಿಸಿಲೇ ಕಾಣದಿದ್ದರೂ ಬೇಲಿ ನಡೆಯಬೇಕೆಂದರೆ ಸುಮಾರು 19 ಆಂಪಿಯರ್-ಗಂಟೆ. ಸೀಸ-ಆಮ್ಲದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಅದರ ಆಯುಷ್ಯ ಕುಗ್ಗುವುದರಿಂದ 40 ಆಂಪಿಯರ್-ಗಂಟೆಯ ಬ್ಯಾಟರಿ ತಕ್ಕದ್ದು. ದಿನಕ್ಕೆ ಬೇಕಾದ ಸುಮಾರು 58 ವಾಟ್-ಗಂಟೆಯನ್ನು, ಮೋಡದ ದಿನಗಳಲ್ಲಿ ಪೂರ್ಣ ಬಿಸಿಲಿನ ಎರಡು ಗಂಟೆಗೆ ಸಮನಾದ ಬೆಳಕು ಸಿಗುತ್ತದೆಂದು ಹಿಡಿದು, ನಷ್ಟವನ್ನೂ ಸೇರಿಸಿದರೆ 50 ವಾಟ್‌ನ ಫಲಕ ಬೇಕಾಗುತ್ತದೆ. ಆಗುಂಬೆ ಸೀಮೆಯಂಥ ಕಡೆ, ಆಷಾಢದ ಮಳೆಯಲ್ಲಿ, ಇದಕ್ಕಿಂತಲೂ ದೊಡ್ಡದನ್ನೇ ಆರಿಸುವುದು ಕ್ಷೇಮ.

ಸೌರಬೇಲಿ ಕೆಲಸ ಮಾಡುತ್ತಿಲ್ಲವೆಂಬ ದೂರುಗಳ ಬುಡ ಹುಡುಕಿದರೆ ಬಹಳ ಸಲ ಸಿಗುವುದು ಭೂಸಂಪರ್ಕದ ಕೊರತೆ. ವಿದ್ಯುತ್ ಹರಿಯಬೇಕಾದರೆ ಅದರ ದಾರಿ ಪೂರ್ತಿಯಾಗಬೇಕು: ಪೆಟ್ಟಿಗೆಯಿಂದ ಹೊರಟ ಮಿಡಿತ ತಂತಿಯ ಮೂಲಕ ಪ್ರಾಣಿಯ ಮೂಗಿಗೆ ಬಂದು, ಮೈಯಿಂದ ಕಾಲಿಗೆ, ಕಾಲಿನಿಂದ ಮಣ್ಣಿಗೆ ಇಳಿದು, ಮಣ್ಣಿನಲ್ಲಿ ಸಾಗಿ ನೆಲದಲ್ಲಿ ಹುಗಿದ ಸರಳುಗಳ ಮೂಲಕ ಮತ್ತೆ ಪೆಟ್ಟಿಗೆಗೆ ಮರಳಬೇಕು. ತಂತಿಯ ಮೇಲೆ ಕುಳಿತ ಹಕ್ಕಿಗೆ ಏನೂ ಆಗದಿರುವುದೂ, ತಂತಿಗಳ ನಡುವೆ ನೆಗೆಯುವ ಪ್ರಾಣಿಗೆ ಗಾಳಿಯಲ್ಲಿರುವಾಗ ಪೆಟ್ಟು ಬೀಳದಿರುವುದೂ ಈ ದಾರಿ ತುಂಡಾಗಿರುವುದರಿಂದಲೇ. ಸತು ಲೇಪಿಸಿದ, ಎರಡು ಮೀಟರ್ ಉದ್ದದ ಮೂರು ಸರಳುಗಳನ್ನಾದರೂ ಒಂದಕ್ಕೊಂದು ಮೂರು ಮೀಟರ್ ದೂರದಲ್ಲಿ, ಸದಾ ತೇವವಿರುವ ಕಡೆ, ಮನೆಯ ಭೂಸಂಪರ್ಕದಿಂದ ಕನಿಷ್ಠ ಹತ್ತು ಮೀಟರ್ ಆಚೆ ಹುಗಿಯಬೇಕು. ಪೆಟ್ಟಿಗೆಯಿಂದ ನೂರು ಮೀಟರ್ ಆಚೆ, ಬೇಲಿಯ ಬಳಿ, ಒಂದು ಕಬ್ಬಿಣದ ಸರಳನ್ನು ನೆಲಕ್ಕೂ ತಂತಿಗೂ ತಾಗಿಸಿ ನಿಲ್ಲಿಸಿ, ಈ ಕಡೆ ಕೊನೆಯ ಭೂಸರಳಿನಲ್ಲಿ ಬೇಲಿಮಾಪಕದಿಂದ ಅಳೆದಾಗ 300 ವೋಲ್ಟ್‌ಗಿಂತ ಹೆಚ್ಚು ಕಂಡರೆ ಇನ್ನೂ ಸರಳುಗಳು ಬೇಕೆಂದು ಅರ್ಥ. ಬಯಲುಸೀಮೆಯಲ್ಲಿ ಮಾರ್ಚ್-ಏಪ್ರಿಲ್ ಹೊತ್ತಿಗೆ ನೆಲ ಒಣಗಿ ಮಣ್ಣಿನ ದಾರಿಯೇ ಮುಚ್ಚಿಹೋಗುತ್ತದೆ. ಅಲ್ಲಿ ಒಂದು ಬಿಟ್ಟು ಒಂದು ತಂತಿಯನ್ನು ಭೂಸರಳಿಗೆ ಜೋಡಿಸಿ, ಪ್ರಾಣಿ ಎರಡನ್ನೂ ಒಟ್ಟಿಗೆ ಮುಟ್ಟಿದಾಗ ಪೆಟ್ಟು ಬೀಳುವಂತೆ ಮಾಡುವುದೊಂದೇ ಉಪಾಯ.

ತಂತಿ 2.5 ಮಿಲಿಮೀಟರಿನ ಗಟ್ಟಿ ಉಕ್ಕಿನದಾಗಿರಬೇಕು, ಮಳೆಯಲ್ಲಿ ನೆನೆದ ಕಲ್ಲು-ಮರಗಳೂ ವಿದ್ಯುತ್ತನ್ನು ಸೋರಿಸುವುದರಿಂದ ಪ್ರತಿ ಕಂಬಕ್ಕೂ ಒಳ್ಳೆಯ ಇನ್ಸುಲೇಟರ್ ಬೇಕು. ಬಾಗಿಲಿನ ಕೆಳಗೆ ನೆಲದಲ್ಲಿ ಹಾಯುವ ತಂತಿಗೆ ಮನೆಯ ವೈರಿಂಗಿನದನ್ನು ಬಳಸಿದರೆ ಅದರ ಹೊದಿಕೆ ಈ ವೋಲ್ಟೇಜನ್ನು ತಾಳದೆ ಅಲ್ಲೇ ಸೋರುತ್ತದೆ. ಬೇಲಿಯ ತುದಿಯಲ್ಲಿ 4,000 ವೋಲ್ಟ್ ಉಳಿದಿದ್ದರೆ ಆಡುಗಳ ಮಟ್ಟಿಗೆ ಬೇಲಿ ಜೀವಂತವೆನ್ನಬಹುದು, ಜುಲೈ-ಆಗಸ್ಟಿನ ಹುಲ್ಲು ತಂತಿಗೆ ತಾಗತೊಡಗಿದಾಗ ಈ ಸಂಖ್ಯೆ ದಿನದಿನಕ್ಕೆ ಇಳಿಯುತ್ತದೆ. ಹದಿನೈದು ದಿನಕ್ಕೊಮ್ಮೆ ಕತ್ತಿ ಹಿಡಿದು ಬೇಲಿಯ ಸಾಲು ಸವರಲು ಆಳಿಲ್ಲದ ಮನೆಯವರು ಉದ್ದದ ಸೌರಬೇಲಿಗೆ ಹಣ ಹಾಕುವ ಮುನ್ನ ಯೋಚಿಸುವುದು ಒಳ್ಳೆಯದು.

ಸೌರಬೇಲಿ ಪ್ರಾಣಿಯ ಮೈಯನ್ನು ತಡೆಯುವುದಿಲ್ಲ, ಅದರ ನೆನಪನ್ನು ತಡೆಯುತ್ತದೆ. ಮೂಗಿಗೆ ಒಮ್ಮೆ ಪೆಟ್ಟು ಬಿದ್ದ ಆಡು ಮತ್ತೆ ಆ ಗೆರೆಯ ಹತ್ತಿರ ಸುಳಿಯದಿರುವುದೇ ಅದರ ಬಲ. ಆದ್ದರಿಂದ ಹೊಸದಾಗಿ ತಂದ ಆಡುಗಳನ್ನು ಗಟ್ಟಿ ಬೇಲಿಯ ಸಣ್ಣ ಅಂಗಳದಲ್ಲಿ, ಒಳಗಡೆ ಒಂದೆಳೆ ವಿದ್ಯುತ್ ತಂತಿ ಎಳೆದು, ಕೆಲವು ದಿನ ಬಿಟ್ಟು ಪರಿಚಯ ಮಾಡಿಸಬೇಕು. ಹಾಗೆ ಕಲಿಯದ ಪ್ರಾಣಿ ಗಾಬರಿಯಲ್ಲಿ ಮುಂದಕ್ಕೇ ನುಗ್ಗುತ್ತದೆ. ಆನೆ ಕಲಿಯುವುದು ಇನ್ನೊಂದು ರೀತಿ: ತನ್ನ ದಂತಕ್ಕೆ ಪೆಟ್ಟು ತಾಗುವುದಿಲ್ಲವೆಂಬುದನ್ನು ಕಂಡುಕೊಂಡು ದಂತದಿಂದ ತಂತಿ ಮುರಿಯುವ, ಮರವನ್ನು ಬೇಲಿಯ ಮೇಲೆ ಕೆಡವಿ ದಾಟುವ ಆನೆಗಳು ಕೊಡಗು-ಹಾಸನಗಳ ಜನರಿಗೆ ಹೊಸತಲ್ಲ. ಹಸಿದ ಚಿರತೆಗೂ ಆಡಿಗೂ ನಡುವೆ ಸೌರಬೇಲಿಯೊಂದೇ ಇದ್ದು, ಆ ರಾತ್ರಿ ಬ್ಯಾಟರಿ ಖಾಲಿಯಾಗಿದ್ದರೆ ಉಳಿಯುವುದು ಐದು ಎಳೆ ತಂತಿ ಮಾತ್ರ. ಸೂರಿರುವ ದೊಡ್ಡಿಗೆ ಹೊರಗಿನಿಂದ, ಮೂಗು ತಾಗುವ ಎತ್ತರದಲ್ಲಿ ಒಂದೆರಡು ವಿದ್ಯುತ್ ಎಳೆ ಸುತ್ತಿದಾಗ ಅದೇ ಪೆಟ್ಟಿಗೆ ತನ್ನ ಪೂರ್ತಿ ಪ್ರಯೋಜನವನ್ನು ಕೊಡುತ್ತದೆ, ಅದು ನಿಂತುಹೋದ ರಾತ್ರಿಯಲ್ಲಿಯೂ ಗೋಡೆ ಗೋಡೆಯಾಗಿಯೇ ಇರುತ್ತದೆ.

ಬೇಲಿಯಿಂದ ಆಗುವ ಹಾನಿಯ ಬಗ್ಗೆ ಬೇಲಿ ಹಾಕುವವರು ತಿಳಿದಿರಲೇಬೇಕು. ನೆಲಕ್ಕೆ ಹತ್ತಿರವಾಗಿ ಎಳೆದ ವಿದ್ಯುತ್ ತಂತಿ ಚಿಪ್ಪುಹಂದಿ ಮತ್ತು ಆಮೆಗಳಿಗೆ ಸಾವಿನ ಬಲೆಯಾಗುತ್ತದೆ. ಅಪಾಯ ಬಂದಾಗ ಓಡುವುದು ಈ ಪ್ರಾಣಿಗಳ ಸ್ವಭಾವವಲ್ಲ; ಚಿಪ್ಪುಹಂದಿ ತಂತಿಯನ್ನೇ ಅಪ್ಪಿ ಸುರುಳಿಯಾಗುತ್ತದೆ, ಆಮೆ ತಲೆ ಒಳಗೆಳೆದುಕೊಂಡು ಅಲ್ಲೇ ಕೂರುತ್ತದೆ, ಮಿಡಿತದ ಮೇಲೆ ಮಿಡಿತ ಬಿದ್ದು ಸಾಯುತ್ತವೆ. ದಕ್ಷಿಣ ಆಫ್ರಿಕದಲ್ಲಿ ಈ ಸಾವುಗಳನ್ನು ಗಮನಿಸಿ ಕೆಳಗಿನ ತಂತಿಯನ್ನು ಎತ್ತರಿಸುವ ಸಲಹೆ ಬಂದಿದೆ. ನಕ್ಷತ್ರ ಆಮೆಯೂ ಚಿಪ್ಪುಹಂದಿಯೂ ಇರುವ ಕರ್ನಾಟಕದ ಕುರುಚಲು ಕಾಡಿನ ಅಂಚಿನಲ್ಲಿ ಕೆಳಗಿನ ಒಂದು ಅಡಿಗೆ ವಿದ್ಯುತ್ ಇಲ್ಲದ ಜಾಲರಿ ಅಥವಾ ಭೂತಂತಿ ಹಾಕಿ, ಅದರ ಮೇಲಿನಿಂದ ಮಾತ್ರ ವಿದ್ಯುತ್ ಹಾಯಿಸಿದರೆ ಆಡುಗಳೂ ಉಳಿಯುತ್ತವೆ, ಇವೂ ಉಳಿಯುತ್ತವೆ. ಹಳ್ಳದ ದಾರಿಯನ್ನು ಬೇಲಿಯಿಂದ ಅಡ್ಡಗಟ್ಟುವುದೂ ತಪ್ಪು. ಕಾಡುಪ್ರಾಣಿಗಳು ನಡೆಯುವ ಹಾದಿ ಅದು, ಮಳೆಗಾಲದಲ್ಲಿ ತೇಲಿಬರುವ ಕಸಕಡ್ಡಿ ತುಂಬಿ ಬೇಲಿಯೇ ಕೊಚ್ಚಿಹೋಗುವ ಜಾಗವೂ ಅದೇ.

ಬೇಲಿಯ ಜೊತೆಗೆ ಬೆಳಕೂ ನೆರವಿಗೆ ಬರುತ್ತದೆ. ಕೀನ್ಯಾದ ನೈರೋಬಿ ರಾಷ್ಟ್ರೀಯ ಉದ್ಯಾನದ ಅಂಚಿನಲ್ಲಿ ಬೆಳೆದ ಮಸಾಯಿ ಬಾಲಕ ರಿಚರ್ಡ್ ತುರೆರೆ, ಹಳೆಯ ಕಾರಿನ ಬ್ಯಾಟರಿ, ಸೌರಫಲಕ ಮತ್ತು ಚಿಕ್ಕ ಬಲ್ಬುಗಳಿಂದ ಸಾಲಾಗಿ ಮಿನುಗುವ ದೀಪಗಳನ್ನು ಮಾಡಿ ದನದ ದೊಡ್ಡಿಯ ಸುತ್ತ ಕಟ್ಟಿದ ಸಂಗತಿ 2013ರಲ್ಲಿ ಲೋಕಕ್ಕೆಲ್ಲ ತಿಳಿಯಿತು. ಯಾರೋ ಟಾರ್ಚ್ ಹಿಡಿದು ಓಡಾಡುತ್ತಿದ್ದಾರೆಂದು ಸಿಂಹಗಳು ಭಾವಿಸಿ ದೂರ ಸರಿಯುತ್ತಿದ್ದವು. ವಿದ್ಯುತ್ ಜಾಲವಿಲ್ಲದ ಮನೆಗೆ ಇದು ಅಗ್ಗದ ನೆರವು, ಆದರೆ ಬೆಳಕು ಒಂದೇ ಜಾಗದಲ್ಲಿ ಒಂದೇ ಲಯದಲ್ಲಿ ಮಿನುಗುತ್ತಿದ್ದರೆ ಕಾಡುಪ್ರಾಣಿ ಅದಕ್ಕೆ ಒಗ್ಗಿಕೊಳ್ಳುತ್ತದೆ, ಆಗಾಗ ಜಾಗ ಬದಲಿಸುತ್ತಿರಬೇಕಾಗುತ್ತದೆ.

ನಾಯಿಯ ವಿಷಯ ಇದಕ್ಕಿಂತ ಸೂಕ್ಷ್ಮ. ಎಚ್ಚರಿಸುವ ನಾಯಿ ಒಂಟಿಮನೆಗೆ ಬೇಕೇಬೇಕು, ಆದರೆ ಚಿರತೆಗೆ ನಾಯಿಯೇ ಮೆಚ್ಚಿನ ಆಹಾರ. ಮಹಾರಾಷ್ಟ್ರದ ಅಕೋಲೆಯ ಕೃಷಿ ಪ್ರದೇಶದಲ್ಲಿ ವಿದ್ಯಾ ಅತ್ರೇಯ ಮತ್ತು ಸಂಗಡಿಗರು ಚಿರತೆಯ ಹಿಕ್ಕೆಯನ್ನು ಪರೀಕ್ಷಿಸಿ ನೋಡಿದಾಗ, ಅದರ ಆಹಾರದ ತೂಕದಲ್ಲಿ ಶೇಕಡ 39ರಷ್ಟು ನಾಯಿಯದೇ ಆಗಿತ್ತು. ಅಂಗಳದಲ್ಲಿ ಸರಪಳಿಯಿಂದ ಕಟ್ಟಿದ ನಾಯಿ ಓಡಲೂ ಆಗದೆ, ಕಾದಾಡಲೂ ಆಗದೆ ಚಿರತೆಯನ್ನು ಮನೆಬಾಗಿಲಿಗೇ ಕರೆಯುತ್ತದೆ. ರಾತ್ರಿ ಅದಕ್ಕೂ ಜಾಲರಿಯ ಗೂಡು ಇರಬೇಕು, ಬೊಗಳಿದ್ದು ಮನೆಯವರಿಗೆ ಕೇಳಿಸಿದರೆ ಅದರ ಕರ್ತವ್ಯ ಮುಗಿಯಿತು. ಸತ್ತ ಕೋಳಿ, ಕುರಿ ಕಡಿದ ಮೇಲೆ ಉಳಿಯುವ ತ್ಯಾಜ್ಯ, ಕರು ಹಾಕಿದಾಗ ಬೀಳುವ ಮಾಸುಗಳನ್ನು ತೋಟದ ಮೂಲೆಗೆ ಎಸೆಯುವ ಅಭ್ಯಾಸ ಬೀದಿನಾಯಿಗಳನ್ನೂ, ಅವುಗಳ ಹಿಂದೆ ಚಿರತೆಯನ್ನೂ ತರುತ್ತದೆ. ಆಳವಾಗಿ ಹೂಳುವುದೊಂದೇ ಸರಿಯಾದ ಕ್ರಮ. ದೊಡ್ಡಿಯ ಸುತ್ತ ಮೂವತ್ತು ಅಡಿಯಷ್ಟು ಜಾಗದಲ್ಲಿ ಲಂಟಾನ ಮತ್ತು ಪೊದೆಗಳನ್ನು ಸವರಿ ಬಯಲಾಗಿ ಇಟ್ಟರೆ ಹೊಂಚುಹಾಕುವ ಪ್ರಾಣಿಗೆ ಮರೆ ಸಿಗುವುದಿಲ್ಲ.

ಇಷ್ಟೆಲ್ಲ ಆದ ಮೇಲೂ ಒಂದು ರಾತ್ರಿ ಆಡೊಂದು ಹೋದರೆ ಮರುದಿನದ ನಡವಳಿಕೆ ಮುಖ್ಯವಾಗುತ್ತದೆ. ಕಾಡುಪ್ರಾಣಿ ಕೊಂದ ಜಾನುವಾರಿಗೆ ಅರಣ್ಯ ಇಲಾಖೆಯಿಂದ ಪರಿಹಾರ ದೊರೆಯುವ ವ್ಯವಸ್ಥೆ ಇರುವುದರಿಂದ, ಕಳೇಬರವನ್ನು ಎಳೆದಾಡದೆ, ಗಾಯದ ಗುರುತು ಮತ್ತು ಹೆಜ್ಜೆಗುರುತುಗಳ ಚಿತ್ರ ತೆಗೆದು, ತಡಮಾಡದೆ ವಲಯ ಕಚೇರಿಗೆ ತಿಳಿಸಬೇಕು. ಬಂಡೀಪುರ-ನಾಗರಹೊಳೆ ಸುತ್ತಿನ ಹಳ್ಳಿಗಳಲ್ಲಿ ಅರ್ಜಿ ಹಾಕಲು ನೆರವಾಗುವ ವೈಲ್ಡ್ ಸೇವೆ ಎಂಬ ಸಹಾಯವಾಣಿಯನ್ನು ಸೆಂಟರ್ ಫಾರ್ ವೈಲ್ಡ್‌ಲೈಫ್ ಸ್ಟಡೀಸ್ ಸಂಸ್ಥೆ 2015ರಲ್ಲಿ ಆರಂಭಿಸಿದೆ. ಕಳೇಬರಕ್ಕೆ ವಿಷ ಬೆರೆಸುವುದು ಅಪರಾಧ, ಮತ್ತು ಆ ವಿಷ ರಣಹದ್ದಿನಿಂದ ಮನೆಯ ನಾಯಿಯವರೆಗೆ ಎಲ್ಲವನ್ನೂ ಕೊಲ್ಲುತ್ತದೆ. ಬೇಟೆಯನ್ನು ಪೂರ್ತಿ ತಿನ್ನಲಾಗದೆ ಹೋದ ಚಿರತೆ ಮುಂದಿನ ಒಂದೆರಡು ರಾತ್ರಿಗಳಲ್ಲಿ ಅದೇ ಜಾಗಕ್ಕೆ ಮರಳುವ ಸಂಭವ ಹೆಚ್ಚು. ಆದ್ದರಿಂದ ಅದು ಒಳಬಂದದ್ದು ಬಾಗಿಲಿನ ಸಂದಿನಿಂದಲೋ, ಸೂರಿನ ಅಂಚಿನಿಂದಲೋ, ಸಡಿಲವಾದ ಜಾಲರಿಯ ಮೂಲೆಯಿಂದಲೋ ಎಂಬುದನ್ನು ಕೂದಲು, ಗೀರು, ರಕ್ತದ ಕಲೆಗಳ ಆಧಾರದಿಂದ ಹಗಲಿನಲ್ಲೇ ಪತ್ತೆಹಚ್ಚಿ, ಆ ದಿನ ಕತ್ತಲಾಗುವ ಮೊದಲೇ ಮುಚ್ಚಬೇಕು, ಅದು ಆಗದಿದ್ದರೆ ಉಳಿದ ಆಡುಗಳನ್ನು ಆ ರಾತ್ರಿಯ ಮಟ್ಟಿಗೆ ಮನೆಯ ಜಗಲಿಯ ಒಳಕೋಣೆಗೆ ತರಬೇಕು.